ಗೂಡ್ಸ್ ಗಾಡಿಗೆ ಪ್ಲಗ್ ಬದಲಿಸುವಾಗ



ತರಕಾರಿ, ಹಾಲು, ಹಪ್ಪಳ-ಉಪ್ಪಿನಕಾಯಿ ಸಾಗಿಸಲು ಸಾಲ ಮಾಡಿ ಗೂಡ್ಸ್ ಗಾಡಿ ತೆಗೆದುಕೊಂಡ ಸಂಘಗಳಿವೆ. ಮನೆಯವರ ಗಾಡಿಗೆ ಆಂತರಿಕ ಸಾಲ ಕೊಟ್ಟ ಸಂಘಗಳೂ ಇವೆ. ಗಾಡಿ ನಿಂತರೆ ಬಾಡಿಗೆ ನಿಲ್ಲುತ್ತೆ, ಆದರೆ ಕಂತು ನಿಲ್ಲೋದಿಲ್ಲ. ಇಷ್ಟಿದ್ದರೂ ರಿಪೇರಿ ಮಾತು ಬಂದ ಕೂಡಲೇ "ಅದೆಲ್ಲ ಗಂಡಸರ ಕೆಲಸ" ಅಂತ ಸದಸ್ಯರು ಸುಮ್ಮನಾಗಿಬಿಡ್ತಾರೆ, ವೋಚರಿಗೆ ಸಹಿ ಮಾತ್ರ ಹಾಕ್ತಾರೆ. ಆ ವೋಚರಿನಲ್ಲಿ ಆಗಾಗ ಬರುವ ಒಂದು ಸಾಮಾನು ಸ್ಪಾರ್ಕ್ ಪ್ಲಗ್. ಈ ಸಲ ಅದನ್ನು ನೋಡೋಣ.

ಮೊದಲನೆಯದಾಗಿ, ನಿಮ್ಮ ಗಾಡಿಗೆ ಸ್ಪಾರ್ಕ್ ಪ್ಲಗ್ ಇದೆಯೇ ಅಂತ ತಿಳಿದುಕೊಳ್ಳಿ. ಡೀಸೆಲ್ ಇಂಜಿನ್ನಿಗೆ ಅದು ಇರೋದಿಲ್ಲ. ಅಲ್ಲಿ ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಶಾಖಕ್ಕೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಕೆಲವು ಡೀಸೆಲ್ ಗಾಡಿಗಳಲ್ಲಿ ಇರೋದು ಹೀಟರ್ ಪ್ಲಗ್, ಚಳಿಯಲ್ಲಿ ಸ್ಟಾರ್ಟ್ ಆಗಲು. ಅದು ಬೇರೆ ಸಾಮಾನು, ಅದರ ಬೆಲೆಯೂ ಬೇರೆ. 2005ರಲ್ಲಿ ಬಂದ ಟಾಟಾ ಏಸ್, ನಮ್ಮ ಜನ ಚೋಟಾ ಹಾಥಿ ಅಂತಾರಲ್ಲ, ಅದು ಡೀಸೆಲ್ ಗಾಡಿ. 2020ರಲ್ಲಿ ಬಂದ ಏಸ್ ಗೋಲ್ಡ್ ಪೆಟ್ರೋಲ್ ಗಾಡಿಗೆ ಎರಡು ಸಿಲಿಂಡರ್, ಅಂದರೆ ಎರಡು ಪ್ಲಗ್. ಮಾರುತಿ ಸೂಪರ್ ಕ್ಯಾರಿಯ ಪೆಟ್ರೋಲ್ ಮತ್ತು ಸಿಎನ್‌ಜಿ ಗಾಡಿಗೆ ನಾಲ್ಕು. ಆರ್.ಸಿ. ಪುಸ್ತಕದಲ್ಲಿ ಇಂಧನ ಯಾವುದು ಅಂತ ಬರೆದಿರುತ್ತೆ. ಡೀಸೆಲ್ ಅಂತ ಬರೆದಿದ್ದು ಬಿಲ್ಲಿನಲ್ಲಿ ಸ್ಪಾರ್ಕ್ ಪ್ಲಗ್ ಇದ್ದರೆ, ಹಣ ಕೊಡುವ ಮುಂಚೆ ಕೇಳಿ.

ಪ್ಲಗ್ಗಿನ ಕೆಲಸ ಇಷ್ಟೇ: ಸಿಲಿಂಡರಿನೊಳಗೆ ಗಾಳಿ ಮತ್ತು ಪೆಟ್ರೋಲ್ ಬೆರೆತು ಒತ್ತಿಕೊಂಡಿರುವಾಗ ಸರಿಯಾದ ಕ್ಷಣಕ್ಕೆ ಕಿಡಿ ಕೊಡೋದು. ಅದಕ್ಕೆ ಬರುವ ವಿದ್ಯುತ್ 20,000 ವೋಲ್ಟಿಗೂ ಮೀರಬಹುದು, ಹಾಗಾಗಿ ಇಂಜಿನ್ ಓಡುವಾಗ ಪ್ಲಗ್ಗಿನ ವೈರ್ ಮುಟ್ಟಬೇಡಿ. ಪ್ಲಗ್ ಸವೆದರೆ ಬೆಳಿಗ್ಗೆ ಸ್ಟಾರ್ಟ್ ತಡವಾಗುತ್ತೆ, ಲೋಡ್ ಹಾಕಿ ಏರು ಹತ್ತುವಾಗ ಗಾಡಿ ಜಗ್ಗುತ್ತೆ, ಮೈಲೇಜ್ ಇಳಿಯುತ್ತೆ. ಹೊತ್ತದೆ ಉಳಿದ ಪೆಟ್ರೋಲ್ ಹೊಗೆ ಕೊಳವೆಗೆ ಹೋಗಿ, ಅಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತೆ. ಅದರ ಬೆಲೆಯ ಮುಂದೆ ಪ್ಲಗ್ಗಿನ ಬೆಲೆ ಏನೂ ಅಲ್ಲ.

ಆದರೆ ಹೊಸದು ತರುವ ಮುಂಚೆ ಹಳೆಯದನ್ನು ಬಿಚ್ಚಿಸಿ ಅದರ ಮುಖ ನೋಡಿ. ಇದನ್ನು ನಾವು ಒತ್ತಿ ಹೇಳುತ್ತೇವೆ. ತುದಿ ತಿಳಿ ಕಂದು ಅಥವಾ ಬೂದಿ ಬಣ್ಣದಲ್ಲಿದ್ದರೆ ಇಂಜಿನ್ ಆರೋಗ್ಯವಾಗಿದೆ. ಒಣ ಮಸಿ ಕಟ್ಟಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಅಥವಾ ಏರ್ ಫಿಲ್ಟರ್ ಧೂಳಿನಿಂದ ಕಟ್ಟಿಕೊಂಡಿದೆ. ಎಣ್ಣೆ ಜಿಡ್ಡಿನ ಹಸಿ ಕಪ್ಪು ಇದ್ದರೆ ಇಂಜಿನ್ ಆಯಿಲ್ ಒಳಗೆ ನುಗ್ಗುತ್ತಿದೆ, ಬಹುಶಃ ರಿಂಗ್ ಸವೆದಿದೆ. ಅಂಥ ಇಂಜಿನ್ನಿಗೆ ಎಷ್ಟು ಹೊಸ ಪ್ಲಗ್ ಹಾಕಿದರೂ ಸ್ವಲ್ಪ ದಿನದಲ್ಲೇ ಮತ್ತೆ ಅದೇ ಕಥೆ. ಬೆಳ್ಳಗೆ ಸುಟ್ಟು ಗುಳ್ಳೆ ಎದ್ದಿದ್ದರೆ ಅತಿಯಾಗಿ ಬಿಸಿಯಾಗಿದೆ, ಕೂಡಲೇ ಕಾರಣ ಹುಡುಕಬೇಕು. ಸಿಎನ್‌ಜಿಯಲ್ಲಿ ಮಸಿ ಕಡಿಮೆ, ಹಾಗಾಗಿ ಪ್ಲಗ್ ಸ್ವಲ್ಪ ಬಿಳಿಚಿಕೊಂಡೇ ಕಾಣುತ್ತೆ. ಅದಕ್ಕೆ ಗಾಬರಿ ಬೇಡ.

ಇನ್ನು ಹೊಸದನ್ನು ಆರಿಸೋದು. ಅಂಗಡಿಯಲ್ಲಿ ಎಲ್ಲ ಪ್ಲಗ್ಗೂ ಒಂದೇ ಥರ ಕಾಣುತ್ತೆ, ಆದರೆ ಒಂದೇ ಅಲ್ಲ. ಮರೆ, ಅಂದರೆ ಥ್ರೆಡ್, ಎಷ್ಟು ದಪ್ಪ, ಎಷ್ಟು ಉದ್ದ ಅನ್ನೋದು ಮುಖ್ಯ. 14 ಮಿ.ಮೀ. ದಪ್ಪದ ಪ್ಲಗ್ ಬಹಳ ಬಳಕೆಯಲ್ಲಿದೆ. 12 ಮತ್ತು 10 ಮಿ.ಮೀ. ಕೂಡ ಇವೆ. ಉದ್ದ ಜಾಸ್ತಿಯಾದರೆ ಪಿಸ್ಟನ್ ಬಂದು ಅದಕ್ಕೆ ಬಡಿಯಬಹುದು, ಕಡಿಮೆಯಾದರೆ ಕಿಡಿ ಸರಿಯಾದ ಜಾಗಕ್ಕೆ ಮುಟ್ಟೋದಿಲ್ಲ.

ಅದಕ್ಕಿಂತ ಸೂಕ್ಷ್ಮವಾದದ್ದು ಶಾಖದ ಅಳತೆ. ಪ್ಲಗ್ಗಿನ ತುದಿ ಸುಮಾರು 500 ಡಿಗ್ರಿಗಿಂತ ತಣ್ಣಗಿದ್ದರೆ ಮಸಿ ಸುಟ್ಟು ಹೋಗೋದಿಲ್ಲ. ಸುಮಾರು 850 ದಾಟಿದರೆ ಕಿಡಿ ಬರುವ ಮುಂಚೆಯೇ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್ನಿಗೆ ತೂತು ಬೀಳಬಹುದು. ಆಗ ಇಂಜಿನ್ ಪೂರ್ತಿ ಬಿಚ್ಚುವ ಕೆಲಸ! ಯಾವ ಪ್ಲಗ್ ಎಷ್ಟು ಶಾಖ ಹೊರಗೆ ಬಿಡುತ್ತದೆ ಅನ್ನೋದನ್ನು ಅದರ ಮೇಲಿನ ಅಂಕಿ ಹೇಳುತ್ತದೆ. ಎನ್‌ಜಿಕೆ ಮತ್ತು ಡೆನ್ಸೋ ಪ್ಲಗ್ಗಿನಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ತಣ್ಣಗಿರುತ್ತೆ. ಬಾಷ್ ಮತ್ತು ಚಾಂಪಿಯನ್ ಪ್ಲಗ್ಗಿನಲ್ಲಿ ಇದು ಉಲ್ಟಾ, ದೊಡ್ಡ ಅಂಕಿ ಅಂದರೆ ಬಿಸಿ ಪ್ಲಗ್. (ಹಳೇ ಮೆಕ್ಯಾನಿಕ್‌ಗಳು ಮೈಕೋ ಪ್ಲಗ್ ಅಂತಾರಲ್ಲ, ಅದೇ ಬಾಷ್. ಬೆಂಗಳೂರಿನ ಮೈಕೋ ಕಂಪನಿಗೆ 2008ರಲ್ಲಿ ಬಾಷ್ ಲಿಮಿಟೆಡ್ ಅಂತ ಹೆಸರಾಯಿತು.) ಆದ್ದರಿಂದ "ಆ ಕಂಪನೀದು ಇಲ್ಲ, ಇದೂ 7 ನಂಬರೇ, ಹಾಕ್ಕೊಳ್ಳಿ" ಅಂದರೆ ಒಪ್ಪಬೇಡಿ. ಗಾಡಿಯ ಜೊತೆ ಬಂದ ಕೈಪಿಡಿಯಲ್ಲಿ ಪ್ಲಗ್ಗಿನ ಪೂರ್ತಿ ಸಂಖ್ಯೆ ಇರುತ್ತದೆ. ಬೇರೆ ಕಂಪನಿಯದು ಬೇಕೇ ಆದರೆ ಆ ಕಂಪನಿಯ ಪಟ್ಟಿಯಲ್ಲಿ ನಿಮ್ಮ ಗಾಡಿಯ ಹೆಸರು, ವರ್ಷ, ಇಂಧನ ನೋಡಿ ಆರಿಸಬೇಕು. ಸಂಖ್ಯೆಯ ನಡುವೆ ಇಂಗ್ಲಿಷಿನ ಆರ್ ಅಕ್ಷರ ಇದ್ದರೆ ಅದನ್ನೂ ಬಿಡಬೇಡಿ. ರೇಡಿಯೋ ಮತ್ತು ಇಂಜಿನ್ ಕಂಪ್ಯೂಟರಿಗೆ ತೊಂದರೆಯಾಗದಂತೆ ತಡೆಯುವ ರೆಸಿಸ್ಟರ್ ಒಳಗಿದೆ ಅಂತ ಸಾಮಾನ್ಯವಾಗಿ ಅದರ ಅರ್ಥ.

ಕಿಡಿ ಹಾರುವ ಸಂದನ್ನು ಗ್ಯಾಪ್ ಅಂತಾರೆ. ಹೆಚ್ಚಾಗಿ 0.7ರಿಂದ 1.1 ಮಿ.ಮೀ. ಒಳಗೆ ಇರುತ್ತೆ. ಸಿಎನ್‌ಜಿಗೆ ಕಿಡಿ ಹಾರಿಸೋದು ಪೆಟ್ರೋಲಿಗಿಂತ ಕಷ್ಟ, ಅದಕ್ಕೇ ಗ್ಯಾಪ್ ಸಾಮಾನ್ಯವಾಗಿ ಕಿರಿದು. ಪೆಟ್ರೋಲ್ ಗಾಡಿಗೆ ಆಮೇಲೆ ಗ್ಯಾಸ್ ಕಿಟ್ ಹಾಕಿಸಿದ್ದರೆ, ಕಿಟ್ ಹಾಕಿದವರ ಹತ್ತಿರ ಗ್ಯಾಪ್ ಎಷ್ಟು ಅಂತ ಬರೆಸಿಕೊಳ್ಳಿ.

ಇರಿಡಿಯಂ ಪ್ಲಗ್ ಬೆಲೆ ಹಲವು ಪಟ್ಟು, ಬಾಳಿಕೆಯೂ ಹೆಚ್ಚು. ಕೆಲವು 1 ಲಕ್ಷ ಕಿ.ಮೀ. ತನಕ ಬರುತ್ತವೆ. ಕಂಪನಿಯೇ ಅದನ್ನು ಹೇಳಿದ್ದರೆ ಅದನ್ನೇ ಹಾಕಿಸಿ. ಸಾದಾ ಪ್ಲಗ್ ಸಾಕು ಅಂತ ಕೈಪಿಡಿ ಹೇಳಿದರೆ, ನಮ್ಮ ಅಭಿಪ್ರಾಯದಲ್ಲಿ ಸಾಲದ ಗಾಡಿಗೆ ಸಾದಾ ಪ್ಲಗ್ಗೇ ಸಾಕು, ಸಮಯಕ್ಕೆ ಸರಿಯಾಗಿ ಬದಲಿಸಿದರಾಯಿತು.

ನಕಲಿ ಮಾಲಿನ ಬಗ್ಗೆ ಎಚ್ಚರ. ಅಕ್ಷರ ಮಸುಕಾಗಿದ್ದರೆ, ತುದಿ ಸೊಟ್ಟಗಿದ್ದರೆ, ಬೆಲೆ ಅನುಮಾನ ಬರುವಷ್ಟು ಕಡಿಮೆ ಇದ್ದರೆ ಬೇಡ. ಜಿ.ಎಸ್.ಟಿ. ಬಿಲ್ ಕೊಡುವ ಅಂಗಡಿಯಲ್ಲೇ ತೆಗೆದುಕೊಳ್ಳಿ, ಮತ್ತು ಎಲ್ಲ ಸಿಲಿಂಡರಿಗೂ ಒಟ್ಟಿಗೆ ಬದಲಿಸಿ.

ಹಾಕಿಸುವಾಗ ಇಂಜಿನ್ ತಣ್ಣಗಿರಲಿ. ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಬೇಕು. ಹೊಸ ವಾಷರ್ ಇರುವ 14 ಮಿ.ಮೀ. ಪ್ಲಗ್ಗಾದರೆ ಆಮೇಲೆ ಸ್ಪ್ಯಾನರಿನಲ್ಲಿ ಸುಮಾರು ಅರ್ಧ ಸುತ್ತು, ಸ್ವಲ್ಪ ಹೆಚ್ಚು. ಉಳಿದವಕ್ಕೆ ಡಬ್ಬಿಯ ಮೇಲೆ ಬರೆದಂತೆ. ಬಲ ಹಾಕಿ ಬಿಗಿದರೆ ಅಲ್ಯೂಮಿನಿಯಂ ಹೆಡ್ಡಿನ ಮರೆ ಕಿತ್ತು ಬರುತ್ತೆ. ಕೆಲಸ ಮುಗಿದ ಮೇಲೆ ಹಳೇ ಪ್ಲಗ್‌ಗಳನ್ನು ವಾಪಸ್ ಕೇಳಿ ಪಡೆಯಿರಿ. ಹೊಸ ಡಬ್ಬಿಯ ಮೇಲಿನ ಸಂಖ್ಯೆಯನ್ನು ಕತ್ತರಿಸಿ ವೋಚರಿಗೆ ಅಂಟಿಸಿ, ಆ ದಿನದ ಕಿ.ಮೀ. ಪಕ್ಕದಲ್ಲೇ ಬರೆದಿಡಿ.