ನೋಟ ಪರರಿಚ್ಛೆಯೇ?

'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂಬ ಗಾದೆ ನಿಮಗೆಲ್ಲ ಗೊತ್ತಿರಬೇಕು. ಉಣ್ಣುವುದು ನಮ್ಮ ಇಷ್ಟದಂತೆ, ಉಡುವುದು ನೋಡುವವರಿಗೆ ಮೆಚ್ಚುವಂತೆ ಎಂದು ಅದರ ಅರ್ಥ. ಈ ಗಾದೆಯನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ನೋಡುವವರು ಒಂದು ಗಳಿಗೆ ನೋಡಿ ತಮ್ಮ ದಾರಿ ಹಿಡಿಯುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಆ ಬಟ್ಟೆಯೊಳಗೆ ಇರಬೇಕಾದವರು ನಾವೇ ಅಲ್ಲವೇ?

ನಾನು ಯಳಂದೂರು ತಾಲ್ಲೂಕಿನ ಹೊನ್ನೂರಿನವಳು. ಮನೆಯಲ್ಲೇ ಹೊಲಿಗೆ ಮೆಷಿನ್ ಇಟ್ಟುಕೊಂಡು ನಲವತ್ತು ವರ್ಷ ಊರಿನವರಿಗೆ ರವಿಕೆ, ಲಂಗ, ಶಾಲೆಯ ಯೂನಿಫಾರಂ ಹೊಲಿದಿದ್ದೇನೆ. ಇಷ್ಟು ವರ್ಷದಲ್ಲಿ ಕಂಡದ್ದು ಒಂದೇ ಮಾತು. ಒಂದೇ ಬಟ್ಟೆಯಲ್ಲಿ, ಒಂದೇ ಅಳತೆಯಲ್ಲಿ ಇಬ್ಬರಿಗೆ ಹೊಲಿದು ಕೊಟ್ಟರೂ ಒಬ್ಬರಿಗೆ ಒಪ್ಪುತ್ತದೆ, ಇನ್ನೊಬ್ಬರಿಗೆ ಒಪ್ಪುವುದಿಲ್ಲ. ಒಪ್ಪುವ ಉಡುಪು ಅಂಗಡಿಯಲ್ಲಿ ಸಿಕ್ಕಿಬಿಡುವುದಿಲ್ಲ. ಈಜು ಕಲಿತಂತೆ, ಸೈಕಲ್ ಕಲಿತಂತೆ, ಉಟ್ಟು ತೊಟ್ಟು ನೋಡಿಯೇ ಅದನ್ನು ಕಲಿಯಬೇಕು.

ಹೋದ ವರ್ಷ ನನ್ನ ಮೊಮ್ಮಗಳು ಒಂಬತ್ತನೇ ತರಗತಿಯಲ್ಲಿದ್ದಳು. ಪ್ರತಿಭಾ ಕಾರಂಜಿಯ ಭಾಷಣಕ್ಕೆ ಹೆಸರು ಕೊಟ್ಟಿದ್ದಳು. ವಿಷಯ ಗಾಂಧೀಜಿ. ಭಾಷಣವೆಲ್ಲ ಬಾಯಿಪಾಠವಾಗಿತ್ತು. ಇನ್ನು ಮೂರು ವಾರವಿದೆ ಎನ್ನುವಾಗ 'ನಾನು ಹೋಗಲ್ಲ' ಎಂದು ಕುಳಿತುಬಿಟ್ಟಳು. ಆ ವರ್ಷ ರೇಷ್ಮೆ ಗೂಡಿಗೆ ಒಳ್ಳೆಯ ಬೆಲೆ ಸಿಕ್ಕಿರಲಿಲ್ಲ. ಮನೆಯಲ್ಲಿ ಯಾರಿಗೂ ಹೊಸ ಬಟ್ಟೆ ತೆಗೆದಿರಲಿಲ್ಲ. ಅವಳು ತೊಡುತ್ತಿದ್ದುದು ದೊಡ್ಡಮ್ಮನ ಮಗಳು ತೊಟ್ಟು ಬಿಟ್ಟ ಚೂಡಿದಾರಗಳನ್ನು. ಜೊತೆಯ ಹುಡುಗಿಯರು ಅದನ್ನು ಗುರುತಿಸಿ ನಕ್ಕಿದ್ದರಂತೆ.

"ಎಲ್ಲಾರೂ ಹೊಸಾದು ಹಾಕ್ಕಂಡು ಬತ್ತಾರೆ ಕನಜ್ಜಿ. ನಾನು ಮಾತ್ರ ಅಕ್ಕಂದು ಹಾಕ್ಕಂಡು ಮೇಲೆ ನಿಂತ್ಕಬೇಕಾ?" ಎಂದಳು.

ನಾನು ಬುದ್ಧಿ ಹೇಳಲು ಹೋಗಲಿಲ್ಲ. "ಭಾಷಣ ಯಾರ ಮೇಲೆ ಕೂಸೇ? ಅವರು ಏನೇನು ಬಟ್ಟೆ ಹಾಕಿದ್ದರು ಅಂತ ಹುಡುಕಿ ನನಗೆ ಹೇಳು" ಎಂದೆ. ಅವಳು ಶಾಲೆಯ ಪುಸ್ತಕಗಳನ್ನು ತಿರುವಿ ಹಾಕಿ ತಂದ ಸಂಗತಿ ಬಹಳ ಸೊಗಸಾಗಿತ್ತು.

1888ರಲ್ಲಿ ಓದಲು ಲಂಡನ್ನಿಗೆ ಹೋದ ಗಾಂಧೀಜಿ ಅಲ್ಲಿನ ಬಾಂಡ್ ಸ್ಟ್ರೀಟಿನಲ್ಲಿ ಹತ್ತು ಪೌಂಡು ಕೊಟ್ಟು ಸೂಟು ಹೊಲಿಸಿದ್ದರು. ಎತ್ತರದ ಟೋಪಿ ಕೊಂಡಿದ್ದರು. ಟೈ ಕಟ್ಟಲು, ತಲೆ ಬಾಚಲು ದಿನಾ ಹತ್ತು ನಿಮಿಷ ಕನ್ನಡಿಯ ಮುಂದೆ ನಿಲ್ಲುತ್ತಿದ್ದರು. ಇದನ್ನೆಲ್ಲ ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. 1915ರಲ್ಲಿ ದಕ್ಷಿಣ ಆಫ್ರಿಕಾ ಬಿಟ್ಟು ಭಾರತಕ್ಕೆ ಬಂದಾಗ ಅವರ ಮೈಮೇಲೆ ಕಾಠಿಯಾವಾಡದ ಅಂಗಿ, ಧೋತರ, ತಲೆಗೆ ಪೇಟ. ಆಮೇಲೆ ಬಿಳಿ ಟೋಪಿ ಬಂತು. 1921ರ ಸೆಪ್ಟೆಂಬರ್ 22ರಂದು ಮಧುರೆಯಲ್ಲಿ ಟೋಪಿ, ಅಂಗಿ ಎರಡನ್ನೂ ಬಿಟ್ಟು ಮೊಳಕಾಲಿನ ತುಂಡು ಪಂಚೆ ಉಟ್ಟರು. ಬಡವರಿಗೆ ಮೈತುಂಬ ಖಾದಿ ಕೊಳ್ಳುವ ಶಕ್ತಿಯಿಲ್ಲ ಎಂಬುದು ಅವರ ಮನಸ್ಸಿಗೆ ನಾಟಿತ್ತು. ಆಗಲೂ 'ಅಕ್ಟೋಬರ್ 31ರವರೆಗಾದರೂ ಹೀಗೇ ಇರುತ್ತೇನೆ' ಎಂದೇ ಶುರು ಮಾಡಿದ್ದು. ಅಂದರೆ ಅದೂ ಒಂದು ಪ್ರಯೋಗವೇ. 1931ರಲ್ಲಿ ಲಂಡನ್ನಿನ ಅರಮನೆಗೆ ಹೋದಾಗಲೂ ಅವರು ಪಂಚೆಯಲ್ಲೇ ಇದ್ದರು. ಸೂಟಿನಿಂದ ತುಂಡು ಪಂಚೆಗೆ ಬರಲು ಅವರಿಗೆ ಮೂವತ್ತಮೂರು ವರ್ಷ ಹಿಡಿಯಿತು!

ಇದಕ್ಕೆ ನಾನು ಇನ್ನೊಂದು ಕಥೆ ಸೇರಿಸಿದೆ. ಅಂಬೇಡ್ಕರ್ ಅವರ ಸೂಟು ನೋಡಿದ್ದೀರಲ್ಲ? ಹಿಂದೆ ಕೆಲವು ಜನ ಇಂಥದ್ದೇ ಉಡಬೇಕು, ಇಷ್ಟೇ ಉಡಬೇಕು ಎಂಬ ಕಟ್ಟುಪಾಡು ನಮ್ಮ ದೇಶದಲ್ಲಿತ್ತು. 1927ರಲ್ಲಿ ಮಹಾಡಿನ ಸಭೆಯಲ್ಲಿ ಅಂಬೇಡ್ಕರ್ ಅವರು ಹೆಣ್ಣುಮಕ್ಕಳಿಗೆ, ಕೀಳೆಂದು ಗುರುತು ಹಚ್ಚುವ ಹಳೆಯ ರೀತಿ ಬಿಟ್ಟು ಚೊಕ್ಕಟವಾಗಿ ಸೀರೆ ಉಡಿ ಎಂದು ಹೇಳಿದರು. ಒಬ್ಬರು ಸೂಟು ಬಿಟ್ಟರು, ಇನ್ನೊಬ್ಬರು ಸೂಟು ತೊಟ್ಟರು. ಇಬ್ಬರೂ ಯೋಚನೆ ಮಾಡಿಯೇ ಹಾಗೆ ಮಾಡಿದರು.

"ಹಂಗಾದ್ರೆ ನಾನೂ ಪ್ರಯೋಗ ಮಾಡ್ತೀನಿ" ಎಂದಳು ಹುಡುಗಿ. ಒಂದು ಹಳೆಯ ನೋಟ್‌ಪುಸ್ತಕ ತೆಗೆದಳು. ಇದ್ದ ಬಟ್ಟೆಗಳನ್ನೆಲ್ಲ ಚಾಪೆಯ ಮೇಲೆ ಹರಡಿ ಮೂರು ಗುಡ್ಡೆ ಮಾಡಿದಳು: ತೊಟ್ಟರೆ ಖುಷಿಯಾಗುವುದು, ಆಗದೇ ಇರುವುದು, ಗೊತ್ತಿಲ್ಲದ್ದು. ದಿನಾ ಸಂಜೆ ಶಾಲೆಯಿಂದ ಬಂದು ಒಂದೊಂದನ್ನು ತೊಡುವುದು, ಅದರಲ್ಲೇ ನೀರು ತರುವುದು, ಸೈಕಲ್ ತುಳಿಯುವುದು, ಭಾಷಣ ಹೇಳುವುದು, ಆಮೇಲೆ ಬರೆಯುವುದು. 'ನೈಲಾನು, ಬೆವರು. ಬೇಡ.' 'ಕತ್ತು ಬಿಗಿ, ಉಸಿರು ಕಟ್ಟುತ್ತೆ.' 'ದುಪಟ್ಟಾ ಚಕ್ರಕ್ಕೆ ಸಿಕ್ಕಿತು. ಸೈಕಲ್ಲಿಗೆ ಹೋಗುವಾಗ ಗಂಟು ಹಾಕಬೇಕು.' 'ನೀಲಿ ಬಣ್ಣ ತೊಟ್ಟ ದಿನ ಅಮ್ಮ ಎರಡು ಸಲ ತಿರುಗಿ ನೋಡಿದರು.'

ಎರಡು ವಾರ ಕಳೆಯುವ ಹೊತ್ತಿಗೆ ಪುಸ್ತಕದಲ್ಲಿ ಒಂದು ದಾರಿ ಕಾಣಿಸಿತು. ಅವಳಿಗೆ ಬೇಕಾದದ್ದು ಹತ್ತಿಬಟ್ಟೆ, ಸಡಿಲವಾದ ತೋಳು, ಮಿಂಚಿಲ್ಲದ ಗಾಢ ಬಣ್ಣ, ಮತ್ತು ಒಂದು ಜೇಬು. ಅಕ್ಕನ ನೀಲಿ ಚೂಡಿದಾರವನ್ನು ಬಿಚ್ಚಿ ಅವಳ ಅಳತೆಗೆ ತಂದೆವು. ನನ್ನ ಪೆಟ್ಟಿಗೆಯಲ್ಲಿ ಮಡಿಕೆಯಲ್ಲೇ ಸೀಳಿಹೋಗಿದ್ದ ಒಂದು ಕೊಳ್ಳೇಗಾಲದ ರೇಷ್ಮೆ ಸೀರೆಯಿತ್ತು. ಒಡಲು ಹೋಗಿದ್ದರೂ ಅಂಚು ಗಟ್ಟಿಯಾಗಿತ್ತು. ಅದನ್ನು ಕತ್ತರಿಸಿ ತೋಳಿಗೆ, ಕತ್ತಿಗೆ ಪಟ್ಟಿ ಕೊಟ್ಟೆವು. ಕತ್ತರಿ ಹಿಡಿದದ್ದು ನಾನು, ಪಟ್ಟಿ ಎಷ್ಟು ಅಗಲ ಇರಬೇಕೆಂದು ಹೇಳಿದ್ದು ಅವಳು. ಮೊದಲ ಸಲ ಅಗಲ ಹೆಚ್ಚಾಯಿತು ಎಂದು ಬಿಚ್ಚಿಸಿದಳು. ಎರಡನೇ ಸಲ ಸರಿಬಂತು.

ಆ ಅಂಚಿನ ಬೆಲೆಯೂ ಅವಳಿಗೆ ಗೊತ್ತಾಗಲಿ ಎಂದು ಹೇಳಿದೆ: ಒಂದು ರೇಷ್ಮೆ ಗೂಡಿನಲ್ಲಿ ನೂರಾರು ಮೀಟರ್ ಉದ್ದದ ಒಂದೇ ಎಳೆ ಇರುತ್ತದೆ. ನಿಮ್ಮಪ್ಪನಂಥವರು ಹಿಪ್ಪುನೇರಳೆ ಸೊಪ್ಪು ಹಾಕಿ ಹುಳು ಸಾಕಬೇಕು, ನೂಲು ತೆಗೆಯುವವರು ನೂಲು ತೆಗೆಯಬೇಕು, ನೇಕಾರರು ಮಗ್ಗದ ಮುಂದೆ ದಿನಗಟ್ಟಲೆ ಕೂರಬೇಕು. ಅಷ್ಟು ಜನರ ಕೈ ದಾಟಿ ಬಂದ ಬಟ್ಟೆ 'ಹಳೇದು' ಆಗುವುದು ಯಾವಾಗ? ನಾವು ಅದನ್ನು ಮೂಲೆಗೆ ಎಸೆದಾಗ.

ಸ್ಪರ್ಧೆಗೆ ಹೋದಳು. ಬಹುಮಾನ ಬರಲಿಲ್ಲ. ಒಬ್ಬ ಹುಡುಗಿ "ಇದು ನಿಮ್ಮಕ್ಕಂದಲ್ವಾ?" ಎಂದು ಕೇಳಿದಳಂತೆ. "ಹೂಂ, ಅಕ್ಕಂದು. ಅಂಚು ನಮ್ಮಜ್ಜೀದು. ಜೇಬು ನಂದು" ಎಂದು ಇವಳು ಹೇಳಿದಳಂತೆ. ಕೇಳಿದವಳು ಜೇಬಿಗೆ ಕೈ ಹಾಕಿ ನೋಡಿ, "ನಂಗೂ ಒಂದು ಹೊಲಿಸಿಕೊಡ್ತೀಯಾ?" ಎಂದಳಂತೆ!

ಅಜ್ಜ ಅಜ್ಜಿಯರಲ್ಲಿ ನನ್ನದೊಂದು ವಿನಂತಿ. ಮಕ್ಕಳು ಕನ್ನಡಿಯ ಮುಂದೆ ನಿಂತರೆ ಗದರಬೇಡಿ. ನಾವೂ ನಿಂತವರೇ. ಹದಿನಾರು ಮೊಳದ ಸೀರೆಯ ನಿರಿಗೆ ಹಿಡಿಯುವುದನ್ನು, ಕಚ್ಚೆಪಂಚೆ ಉಡುವುದನ್ನು ನಾವು ಒಂದೇ ದಿನದಲ್ಲಿ ಕಲಿತೆವೇ? ಅದನ್ನು ಅವರಿಗೂ ತೋರಿಸಿಕೊಡಿ. ಕೊಡಗಿನವರು ನಿರಿಗೆಯನ್ನು ಬೆನ್ನ ಹಿಂದೆ ಇಡುತ್ತಾರೆ, ಉತ್ತರ ಕರ್ನಾಟಕದವರು ಇಳಕಲ್ ಸೀರೆಗೆ ಗುಳೇದಗುಡ್ಡದ ಖಣದ ಕುಪ್ಪಸ ತೊಡುತ್ತಾರೆ ಎಂಬ ಕಥೆಗಳನ್ನು ಹೇಳಿ.

ಮಕ್ಕಳೇ, ಈ ಭಾನುವಾರ ನಿಮ್ಮ ಬಟ್ಟೆಗಳನ್ನು ಮೂರು ಗುಡ್ಡೆ ಮಾಡಿ. 'ಗೊತ್ತಿಲ್ಲ' ಎನ್ನುವ ಗುಡ್ಡೆಯಿಂದಲೇ ಶುರು ಮಾಡಿ. ಕತ್ತರಿ ಹಿಡಿಯುವ ಮುಂಚೆ ಮಾತ್ರ ಮನೆಯವರನ್ನು ಒಂದು ಮಾತು ಕೇಳಿ.