ನಕಲಿ ಪೆಟ್ಟಿಗೆಗೂ ಸಲ್ಲಬೇಕಾದ ಅಂಕ

ಹಳೆಯ ವಿಡಿಯೊ ಗೇಮ್ ಯಂತ್ರಗಳಲ್ಲಿ ತೀರಾ ಕಳಪೆ ಯಾವುದು, ಯೋಗ್ಯತೆಗೆ ತಕ್ಕ ಹೆಸರು ಸಿಗದೆ ಹೋದದ್ದು ಯಾವುದು ಎಂಬ ಜಗಳ ಆಸಕ್ತರ ನಡುವೆ ಮುಗಿಯುವಂಥದ್ದಲ್ಲ. ಕಳಪೆಯೆಂದು ಬೈಸಿಕೊಳ್ಳುವವು ನಿಂಟೆಂಡೊದ ವರ್ಚುವಲ್ ಬಾಯ್, ಫಿಲಿಪ್ಸ್‌ನ ಸಿಡಿ-ಐ, ನೋಕಿಯಾದ ಎನ್-ಗೇಜ್. ಅನ್ಯಾಯವಾಯಿತೆಂದು ಮರುಕ ಗಿಟ್ಟಿಸುವವು ಸೆಗಾದ ಸ್ಯಾಟರ್ನ್, ಡ್ರೀಮ್‌ಕಾಸ್ಟ್. ಎರಡೂ ಪಟ್ಟಿಗಳು ಬಹುಮಟ್ಟಿಗೆ ಜಪಾನ್, ಅಮೆರಿಕ, ಯುರೋಪಿನ ಅಂಗಡಿಗಳ ಲೆಕ್ಕಾಚಾರ. ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಕಂಬೈನಲ್ಲೂರಿನಂಥ ಊರಿನ ಕಡೆಯಿಂದ ನೋಡಿದರೆ ಲೆಕ್ಕ ಬೇರೆಯೇ ಆಗುತ್ತದೆ. ಇಂಥ ಊರುಗಳಿಗೆ 'ಟಿವಿ ಗೇಮ್' ಆಗಿ ಬಂದದ್ದು ಮೀಡಿಯಾ, ಲಿಟಲ್ ಮಾಸ್ಟರ್, ಟರ್ಮಿನೇಟರ್ ಎಂದು ಏನೇನೋ ಹೆಸರು ಹೊತ್ತ ನಕಲಿ ಪೆಟ್ಟಿಗೆ. ಯಂತ್ರದ ಯೋಗ್ಯತೆಯನ್ನು ಚಿಪ್‌ನ ಬಲದಿಂದಲೋ ಮಾರಾಟದ ಅಂಕಿಯಿಂದಲೋ ಅಳೆಯುವ ಬದಲು, ತಲುಪಿದ ಮನೆಗೆ ಅದು ಎಷ್ಟು ಹೊಂದಿತು ಎಂಬುದರಿಂದ ಅಳೆಯುವುದು ನ್ಯಾಯ. ಹಾಗೆ ಅಳೆದರೆ, ಯಾರೂ ಪಟ್ಟಿಗೆ ಸೇರಿಸದ ಈ ಪೆಟ್ಟಿಗೆಗೆ ಆಗಿರುವಷ್ಟು ಅನ್ಯಾಯ ಡ್ರೀಮ್‌ಕಾಸ್ಟ್‌ಗೂ ಆಗಿಲ್ಲ.

ಇದರ ಮೂಲ, ನಿಂಟೆಂಡೊ 1983ರ ಜುಲೈ 15ರಂದು ಜಪಾನಿನಲ್ಲಿ ಮಾರಾಟಕ್ಕೆ ಬಿಟ್ಟ ಫ್ಯಾಮಿಕಾಮ್. 8 ಬಿಟ್ ಪ್ರೊಸೆಸರ್, ಕೇವಲ 2 ಕಿಲೊಬೈಟ್ ಮೆಮೊರಿ. 1985ರಲ್ಲಿ ಅದನ್ನೇ ಎನ್‌ಇಎಸ್ ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ಕಳಿಸುವಾಗ, ತನ್ನ ಪರವಾನಗಿ ಇಲ್ಲದ ಆಟದ ಕ್ಯಾಸೆಟ್ ಓಡಬಾರದೆಂದು ಕಂಪನಿ ಒಳಗೊಂದು ಬೀಗದ ಚಿಪ್ ಇಟ್ಟಿತು. ಕ್ಯಾಸೆಟ್ಟನ್ನು ಮುಂದಿನಿಂದ ತಳ್ಳಿ ಕೆಳಗೆ ಒತ್ತಬೇಕಾದ ಆ ಗೂಡಿನ ಪಿನ್‌ಗಳು ಬೇಗ ಸಡಿಲವಾಗುತ್ತಿದ್ದವು. ಸಂಪರ್ಕ ತಪ್ಪಿದರೆ ಬೀಗ ಅಸಲಿ ಕ್ಯಾಸೆಟ್ಟನ್ನೂ ಕಳ್ಳಮಾಲೆಂದು ತಿಳಿದು ಯಂತ್ರವನ್ನು ಮತ್ತೆ ಮತ್ತೆ ರೀಸೆಟ್ ಮಾಡುತ್ತಿತ್ತು. ಜಪಾನಿನ ಫ್ಯಾಮಿಕಾಮ್‌ಗೆ ಈ ಬೀಗವಿರಲಿಲ್ಲ. ಕ್ಯಾಸೆಟ್ ಮೇಲಿನಿಂದ ನೆಟ್ಟಗೆ ಕೂರುತ್ತಿತ್ತು. ತೈವಾನ್ ಮತ್ತು ಚೀನಾದ ತಯಾರಕರು ನಕಲು ಮಾಡಿದ್ದು ಇದನ್ನೇ, ಅದರ 60 ಪಿನ್ ಕ್ಯಾಸೆಟ್ ಸಮೇತ. ಮೊದಮೊದಲು ಬಿಡಿಬಿಡಿ ಚಿಪ್‌ಗಳಿದ್ದ ಯಂತ್ರ ಬರಬರುತ್ತ ಒಂದೇ ಚಿಪ್‌ಗೆ ಇಳಿದು, ಬೋರ್ಡಿನ ಮೇಲೆ ಕಪ್ಪು ಅಂಟಿನ ಬೊಟ್ಟಿನಡಿ ಅಡಗಿಕೊಂಡಿತು. ಬೆಲೆಯೂ ಕೆಲವು ನೂರು ರೂಪಾಯಿಗೆ ಇಳಿಯಿತು. ಅಮೆರಿಕದ ಅಸಲಿ ಯಂತ್ರವನ್ನು ಅತಿ ಹೆಚ್ಚು ಕಾಡಿದ ದೋಷ ಅಗ್ಗದ ನಕಲಿಗೆ ಅಂಟಲೇ ಇಲ್ಲ.

ಬಲಹೀನ ಚಿಪ್ ಎಂದರೆ ಕಳಪೆ ಯಂತ್ರ ಎಂಬ ನಂಬಿಕೆಯನ್ನು ಈ ಉದ್ಯಮದ ಇತಿಹಾಸವೇ ಒಪ್ಪುವುದಿಲ್ಲ. ನಿಂಟೆಂಡೊದ ವಿನ್ಯಾಸಕಾರ ಗುನ್‌ಪೇ ಯೊಕೊಯಿ ನಂಬಿದ್ದು ಹಳತಾಗಿ ಅಗ್ಗವಾದ ತಂತ್ರಜ್ಞಾನವನ್ನು ಹೊಸ ಬಳಕೆಗೆ ತಿರುಗಿಸುವ ದಾರಿಯನ್ನು. 1989ರ ಗೇಮ್ ಬಾಯ್‌ಗೆ ಬಣ್ಣವಿರಲಿಲ್ಲ, ಪರದೆಗೆ ಬೆಳಕಿರಲಿಲ್ಲ. ಮರುವರ್ಷ ಬಂದ ಸೆಗಾದ ಗೇಮ್ ಗಿಯರ್‌ಗೆ ಎರಡೂ ಇದ್ದವು. ಆದರೆ ಅದು ಆರು ಬ್ಯಾಟರಿಗಳನ್ನು ಕೆಲವೇ ಗಂಟೆಗಳಲ್ಲಿ ಮುಗಿಸುತ್ತಿತ್ತು. ಗೆದ್ದದ್ದು ಗೇಮ್ ಬಾಯ್. ಅದೇ ಯೊಕೊಯಿ 1995ರಲ್ಲಿ ವರ್ಚುವಲ್ ಬಾಯ್ ತಂದು ಸೋತರು. ಮೇಜಿನ ಮೇಲಿಟ್ಟು, ಕತ್ತು ಬಗ್ಗಿಸಿ, ಕನ್ನಡಕದ ಗೂಡಿನೊಳಗೆ ಕಣ್ಣಿಟ್ಟು ಕೆಂಪು-ಕಪ್ಪು ಚಿತ್ರ ನೋಡಬೇಕಾದ ಆ ಯಂತ್ರಕ್ಕೆ ಒಟ್ಟು 22 ಆಟಗಳಷ್ಟೇ ಬಂದವು. ವರ್ಷ ತುಂಬುವುದರೊಳಗೆ ಮಾರಾಟ ನಿಂತಿತು. ಆಡುವವರ ಕತ್ತು, ಕಣ್ಣು, ಪಕ್ಕದಲ್ಲಿ ಕೂತ ಗೆಳೆಯ, ಇವರಲ್ಲಿ ಯಾರನ್ನೂ ಅದು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಈಗ ನಮ್ಮ ಕಡೆಯ ಮನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ತೊಂಬತ್ತರ ದಶಕದ ತಮಿಳುನಾಡಿನ ಸಣ್ಣ ಊರಿನ ಟಿವಿ ಎಂದರೆ ಸಾಲಿಡೇರ್, ಡಯನೋರಾದಂಥ ಪೆಟ್ಟಿಗೆ. ಹಲವಕ್ಕೆ ಬಣ್ಣವಿಲ್ಲ, ಆಂಟೆನಾ ತೂತೊಂದನ್ನು ಬಿಟ್ಟರೆ ಬೇರೆ ಸಂಪರ್ಕವೂ ಇಲ್ಲ. ನಕಲಿ ಪೆಟ್ಟಿಗೆ ಆ ತೂತಿಗೇ ವೈರು ಕೊಟ್ಟು, ಚಾನೆಲ್ ಟ್ಯೂನ್ ಮಾಡಿದರೆ ಚಿತ್ರ ಮೂಡಿಸುತ್ತಿತ್ತು. ಜಪಾನಿನ ಟಿವಿ ಸೆಕೆಂಡಿಗೆ 60 ಸಲ ಚಿತ್ರ ಬಿಡಿಸಿದರೆ ನಮ್ಮದು 50 ಸಲ. ಅಲ್ಲಿಗೆಂದು ಬರೆದ ಆಟ ಇಲ್ಲಿ ಕೆಡದಂತೆ ಓಡಲು ತೈವಾನಿನ ಯುಎಂಸಿ ಕಂಪನಿ ಹೊಂದಿಸಿದ ಚಿಪ್‌ಗಳನ್ನೇ ಮಾಡಿತ್ತು. 2006ರಲ್ಲಿ ತಮಿಳುನಾಡು ಸರ್ಕಾರ ಬಣ್ಣದ ಟಿವಿಯನ್ನು ಉಚಿತವಾಗಿ ಹಂಚತೊಡಗಿದಾಗ, ಟಿವಿಯೇ ಇಲ್ಲದಿದ್ದ ಮನೆಗಳಿಗೂ ಪರದೆ ಬಂತು. ಇದಕ್ಕೆ ಪ್ರತಿಯಾಗಿ ಸೆಗಾದ ಮೆಗಾ ಡ್ರೈವ್ ನೋಡಿ. ಆಮದು ಸುಂಕ ತಪ್ಪಿಸಲು 1995ರಲ್ಲಿ ಶಾ ವ್ಯಾಲೇಸ್ ಕಂಪನಿಯ ಮೂಲಕ ಭಾರತಕ್ಕೆ ಬಂದ ಆ 16 ಬಿಟ್ ಯಂತ್ರ ನಿಜಕ್ಕೂ ಉತ್ತಮವಾದದ್ದು. ಬೆಲೆ ಮಾತ್ರ 18,000 ರೂಪಾಯಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಎಂದು ಬೆಳೆಯುವ ಗಡಿಯ ಮಕ್ಕಳಿಗೆ ಇನ್ನೊಂದು ಅನುಕೂಲವೂ ಇತ್ತು: ಮಾರಿಯೊ, ಕಾಂಟ್ರಾ, ಟ್ಯಾಂಕ್ ಆಡಲು ಓದು ಬೇಕಿರಲಿಲ್ಲ. ಎರಡು ರಿಮೋಟ್ ಇದ್ದುದರಿಂದ ಪಕ್ಕದ ಮನೆಯವನಿಗೂ ಪಾಲು ಸಿಗುತ್ತಿತ್ತು.

ಇದು ಕಳ್ಳತನವಲ್ಲವೇ ಎಂಬ ಆಕ್ಷೇಪ ಗಟ್ಟಿಯಾದದ್ದು. ಹೌದು, ಕಳ್ಳತನವೇ. ಅಸಲಿ ಮಾಲು ಈ ಊರುಗಳಲ್ಲಿ ಸಿಗುತ್ತಿರಲಿಲ್ಲ ಎಂಬ ಸಮಜಾಯಿಷಿ ತಪ್ಪನ್ನು ಒಪ್ಪಾಗಿಸುವುದಿಲ್ಲ. ಹಣಕ್ಕಿಂತ ದೊಡ್ಡ ನಷ್ಟವೂ ಆಯಿತು: ಎಷ್ಟೋ ಕ್ಯಾಸೆಟ್‌ಗಳಲ್ಲಿ ಆಟದ ಮೊದಲ ಪರದೆಯಿಂದ ಕಂಪನಿಯ ಹೆಸರು, ಇಸವಿಯನ್ನು ಅಳಿಸಿಬಿಡುತ್ತಿದ್ದರು. ಕಾಂಟ್ರಾ ಮಾಡಿದ್ದು ಕೊನಾಮಿ, ಟ್ಯಾಂಕ್ ಆಟದ ಮೂಲ ನ್ಯಾಮ್ಕೊದ 1985ರ ಬ್ಯಾಟಲ್ ಸಿಟಿ ಎಂದು ಆಡಿದವರಿಗೆ ತಿಳಿಯುವ ದಾರಿಯೇ ಇರಲಿಲ್ಲ. ಆದರೆ ಮಾಡಿದವನ ಅಪರಾಧ ಒಂದು ಪ್ರಶ್ನೆ, ಮಾಡಿದ ವಸ್ತುವಿನ ಗುಣ ಇನ್ನೊಂದು. ಮೊದಲನೆಯದಕ್ಕೆ ಶಿಕ್ಷೆ ಹೇಳಿದ ಮಾತ್ರಕ್ಕೆ ಎರಡನೆಯದಕ್ಕೆ ಉತ್ತರ ಹೇಳಿದಂತಾಗುವುದಿಲ್ಲ.

ಎರಡನೆಯ ಆಕ್ಷೇಪ ಗುಣಮಟ್ಟದ್ದು. 9999 ಆಟಗಳೆಂದು ಮುದ್ರಿಸಿದ ಕ್ಯಾಸೆಟ್ಟಿನಲ್ಲಿ ಇರುತ್ತಿದ್ದದ್ದು ಬೆರಳೆಣಿಕೆಯವೋ ಕೆಲವು ಡಜನ್‌ಗಳೋ. ಉಳಿದದ್ದೆಲ್ಲ ಅದೇ ಆಟ ಬೇರೆ ಹಂತದಿಂದ ಶುರುವಾಗುವ ಚಮತ್ಕಾರ. ಆಟ ಉಳಿಸಿಡುವ ಬ್ಯಾಟರಿ ಇಂಥ ಕ್ಯಾಸೆಟ್‌ಗಳಲ್ಲಿ ಇಲ್ಲದ್ದರಿಂದ ಜೆಲ್ಡಾದಂಥ ದೀರ್ಘ ಆಟಗಳು ಇಲ್ಲಿಗೆ ಅಪರಿಚಿತವಾಗಿಯೇ ಉಳಿದವು. ರಿಮೋಟ್‌ನ ರಬ್ಬರ್ ಸವೆಯುತ್ತಿತ್ತು, ಅಡಾಪ್ಟರ್ ಸುಡುತ್ತಿತ್ತು. ಇವು ನಿಜವಾದ ದೋಷಗಳು. ಆದರೂ ರೇಡಿಯೊ ರಿಪೇರಿಯವನ ಕೈಗೆ ದಕ್ಕುವಂಥವು. ಅಂಟಿನಡಿಯ ಚಿಪ್ ಸತ್ತರೆ ಮಾತ್ರ ಉಪಾಯವಿಲ್ಲ. ಇದಕ್ಕೆ ಹೋಲಿಸಿದರೆ, ಗೇಮ್ ಯಂತ್ರವೂ ಫೋನೂ ಆಗಿದ್ದ 2003ರ ಎನ್-ಗೇಜ್‌ನಲ್ಲಿ ಆಟದ ಕಾರ್ಡ್ ಬದಲಿಸಲು ಬ್ಯಾಟರಿಯನ್ನೇ ಕಳಚಬೇಕಿತ್ತು, ಫೋನಿನ ಅಂಚನ್ನು ಕಿವಿಗೆ ಹಿಡಿದು ಮಾತಾಡಬೇಕಿತ್ತು. ಅದು ವಿನ್ಯಾಸದಲ್ಲೇ ಹುಟ್ಟಿದ ದೋಷ, ಯಾವ ರಿಪೇರಿಗೂ ಸರಿಹೋಗದು. ಕಳಪೆಯ ಪಟ್ಟ ಯಾರಿಗೆ ಎಂದರೆ ನನ್ನ ಉತ್ತರ ಎನ್-ಗೇಜ್.

ಇದೆಲ್ಲ ಬಾಲ್ಯದ ಹಂಬಲ ಎನ್ನುವವರು ರಷ್ಯಾ, ಪೋಲೆಂಡ್ ಕಡೆ ನೋಡಲಿ. ರಷ್ಯಾದಲ್ಲಿ 1992ರಿಂದ ಸ್ಟೀಪ್ಲರ್ ಕಂಪನಿ ಮಾರಿದ ಡೆಂಡಿ, ಪೋಲೆಂಡಿನ ಪೆಗಾಸಸ್, ಎರಡೂ ಇದೇ ಫ್ಯಾಮಿಕಾಮ್‌ನ ನಕಲು. ಒಂದಿಡೀ ಪೀಳಿಗೆಗೆ ವಿಡಿಯೊ ಗೇಮ್ ಎಂದರೆ ಅವೇ. ಹಂಬಲ ಊರೂರಿಗೆ ಬೇರೆಯಾಗಬಹುದು, ಆದರೆ ಬೇರೆ ಬೇರೆ ನಾಡುಗಳು ಒಂದೇ ಪೆಟ್ಟಿಗೆಯನ್ನು ಆರಿಸಿಕೊಂಡವೆಂದರೆ ಅದಕ್ಕೆ ಕಾರಣ ಪೆಟ್ಟಿಗೆಯಲ್ಲೇ ಇರಬೇಕು. ಅಲ್ಲಿನವರು ತಮ್ಮ ಡೆಂಡಿಯ ಚರಿತ್ರೆಯನ್ನು ಹೆಮ್ಮೆಯಿಂದ ಬರೆದುಕೊಂಡಿದ್ದಾರೆ. ನಮ್ಮಲ್ಲಿ ಯಾವ ಹೆಸರಿನ ಪೆಟ್ಟಿಗೆ ಯಾವ ಬಜಾರಿನಿಂದ ಯಾವ ಊರಿಗೆ ಹೋಯಿತು ಎಂಬ ಬರವಣಿಗೆ ತೀರಾ ಕಡಿಮೆ. ಆಟಗಳೇನೋ ಕಂಪ್ಯೂಟರಿನಲ್ಲಿ ಉಳಿದುಕೊಂಡಿವೆ. ಆದರೆ ಪರದೆಯ ಮೇಲಿನ ಬಾತುಕೋಳಿ ಹೊಡೆಯುವ ಆಟದ ಬಂದೂಕು ಗುರಿ ಗುರುತಿಸುತ್ತಿದ್ದದ್ದು ಹಳೆಯ ಪಿಕ್ಚರ್ ಟ್ಯೂಬಿನ ಬೆಳಕಿನಿಂದ. ಇಂದಿನ ಚಪ್ಪಟೆ ಟಿವಿಯ ಮುಂದೆ ಅದು ಕುರುಡು. ಗುಜರಿಗೆ ಹೋಗುವ ಒಂದೊಂದು ಟಿವಿಯೊಂದಿಗೂ ಈ ಯಂತ್ರ ಹೇಗೆ ಕೆಲಸ ಮಾಡುತ್ತಿತ್ತು ಎಂಬುದಕ್ಕೆ ಒಂದು ಸಾಕ್ಷಿ ಕಡಿಮೆಯಾಗುತ್ತದೆ. ಪಟ್ಟಿ ತಿದ್ದುವುದಿದ್ದರೆ ಸಾಕ್ಷಿಗಳು ಉಳಿದಿರುವಾಗಲೇ ತಿದ್ದಬೇಕು.