ತಟದಲ್ಲಿರುವವರೆಲ್ಲ ತಟಸ್ಥರೆ?

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ನಮ್ಮ ಹಿರಿಯರ ನುಡಿ. ಈ ಗಾದೆಯನ್ನು ಛಾಯಾಚಿತ್ರಕ್ಕೆಂದೇ ಕಟ್ಟಿದರೋ ಎನ್ನುವಷ್ಟು ಅದು ಅಲ್ಲಿಗೆ ಒಪ್ಪುತ್ತದೆ. ಬರಹವನ್ನು ಶಂಕಿಸುವವರೂ ಚಿತ್ರವನ್ನು ನಂಬುತ್ತಾರೆ. ನಂಬಿ, ಅದರಲ್ಲಿರುವವರ ಅಂತರಂಗವನ್ನು ಕುರಿತೂ ತೀರ್ಪು ಕೊಟ್ಟುಬಿಡುತ್ತಾರೆ. ಅಂಥ ತೀರ್ಪಿಗೆ ಗುರಿಯಾದ ಒಂದು ಚಿತ್ರದ ವಿಷಯವಾಗಿ ಇಲ್ಲಿ ಎರಡು ಮಾತು ಹೇಳಬೇಕೆನಿಸಿದೆ.

2001ರ ಸೆಪ್ಟೆಂಬರ್ 11ರಂದು, ನ್ಯೂಯಾರ್ಕಿನ ಅವಳಿ ಗೋಪುರಗಳಿಗೆ ವಿಮಾನಗಳು ಬಂದಪ್ಪಳಿಸಿದ ದಿನ, ಥಾಮಸ್ ಹೋಪ್ಕರ್ ಎಂಬ ಜರ್ಮನ್ ಛಾಯಾಗ್ರಾಹಕರು ಬ್ರೂಕ್ಲಿನ್ನಿನ ವಿಲಿಯಮ್ಸ್‌ಬರ್ಗಿನಲ್ಲಿ ನದಿಯ ದಡಕ್ಕೆ ಬಂದರು. ಅಲ್ಲಿ ಐವರು ತರುಣ ತರುಣಿಯರು ಬಿಸಿಲಿನಲ್ಲಿ ಕುಳಿತು ಮಾತಾಡುತ್ತಿದ್ದರು. ಮೇಲೆ ನೀಲಿಯ ಆಕಾಶ, ಹಿಂದೆ ನದಿ, ನದಿಯಾಚೆ ಮುಗಿಲೆತ್ತರ ಏಳುತ್ತಿರುವ ಹೊಗೆ. ಆ ಹೊಗೆಯ ಬುಡದಲ್ಲಿ ಸಾವಿರಾರು ಜೀವಗಳು ಅಳಿದಿದ್ದವು. ಹೋಪ್ಕರ್ ಚಿತ್ರ ತೆಗೆದುಕೊಂಡರು. ಕುಳಿತವರೊಡನೆ ಮಾತಾಡದೆ ಮುಂದೆ ನಡೆದರು.

ಆ ದುರಂತವನ್ನು ಕುರಿತು ಮ್ಯಾಗ್ನಮ್ ಸಂಸ್ಥೆ ಆ ವರ್ಷವೇ ಹೊರತಂದ ಚಿತ್ರಸಂಪುಟಕ್ಕೆ ಅವರು ಇದನ್ನು ಸೇರಿಸಲಿಲ್ಲ. ಅದರ ಅರ್ಥ ಸಂದಿಗ್ಧವೆಂದು ಅವರಿಗೆ ತೋರಿತ್ತು. 2006ರಲ್ಲಿ ಡೇವಿಡ್ ಫ್ರೆಂಡ್ ಎಂಬವರ ಗ್ರಂಥದಲ್ಲಿ ಅದು ಅಚ್ಚಾದೊಡನೆ ವಾದವೆದ್ದಿತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಅಂಕಣಕಾರ ಫ್ರಾಂಕ್ ರಿಚ್ ಅವರು, ದುರಂತವನ್ನು ಬೇಗನೆ ಹಿಂದಿಕ್ಕಿ ನಡೆದ ದೇಶವೊಂದರ ಮನೋಧರ್ಮವನ್ನೇ ಅದರಲ್ಲಿ ಕಂಡರು. ಆಗ ಚಿತ್ರದಲ್ಲಿದ್ದವರಲ್ಲೊಬ್ಬರು ಬಹಿರಂಗವಾಗಿ ಉತ್ತರ ಕೊಟ್ಟರು. ಆ ಗಳಿಗೆಯಲ್ಲಿ ತಾವೆಲ್ಲ ಆಘಾತದಲ್ಲಿ ಮುಳುಗಿ, ನಡೆದುದನ್ನು ಕುರಿತೇ ಮಾತಾಡುತ್ತಿದ್ದೆವೆಂದೂ, ಛಾಯಾಗ್ರಾಹಕರು ಒಂದು ಮಾತು ಕೇಳಿದ್ದರೆ ಅದು ತಿಳಿಯುತ್ತಿತ್ತೆಂದೂ ಅವರ ಉತ್ತರದ ಸಾರಾಂಶ.

ಈ ಚಿತ್ರವನ್ನು ನಾನು ನನ್ನ ವಿದ್ಯಾರ್ಥಿಗಳ ಮುಂದಿಟ್ಟೆ. ಹೊಗೆ ಯಾವುದರದೆಂಬುದನ್ನಷ್ಟೇ ತಿಳಿಸಿದೆ. “ಊರು ಹೊತ್ತಿ ಉರಿಯುವಾಗ ಇವರಿಗೆ ಹರಟೆಯೆ?” ಎಂದು ಒಬ್ಬನು ಸಿಡಿದನು. “ಎದ್ದು ನಿಂತು ಅತ್ತಿದ್ದರೆ ಬೆಂಕಿ ಆರುತ್ತಿತ್ತೆ, ಸಾರ್?” ಎಂದಳು ಇನ್ನೊಬ್ಬಳು. ಹಿಂದಿನ ಬೆಂಚಿನವನೊಬ್ಬ ಮೆಲ್ಲಗೆ, “ನಾವೂ ಊಟ ಮಾಡುತ್ತಲೇ ಅಲ್ಲವೇ ಸಾರ್, ಟೀವಿಯಲ್ಲಿ ಪ್ರವಾಹ ನೋಡುವುದು?” ಎಂದನು. ತರಗತಿ ಮೌನವಾಯಿತು. ಬಳಿಕ ಆ ಉತ್ತರದ ವಿಷಯ ಹೇಳಿದೆ. ಸಿಡಿದವನು ಒಪ್ಪಲಿಲ್ಲ. “ಆಮೇಲೆ ಏನು ಬೇಕಾದರೂ ಹೇಳಬಹುದು” ಎಂದನು. ಅವನ ಸಂದೇಹವೂ ತಳ್ಳಿಹಾಕತಕ್ಕುದಲ್ಲ.

ಈ ಪ್ರಶ್ನೆ ದೂರದ ನಗರಕ್ಕೇ ಮೀಸಲಾದುದಲ್ಲ. ನಾನಿರುವ ಅಟ್ಟೂರಿನ ಬಳಿಯ ಯಲಹಂಕ ವಾಯುನೆಲೆಯಲ್ಲಿ, 2019ರ ಫೆಬ್ರವರಿ 19ರಂದು, ವೈಮಾನಿಕ ಪ್ರದರ್ಶನದ ಮುನ್ನಾದಿನದ ತಾಲೀಮಿನಲ್ಲಿ ಸೂರ್ಯಕಿರಣ ತಂಡದ ಎರಡು ವಿಮಾನಗಳು ಡಿಕ್ಕಿ ಹೊಡೆದವು. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಮಡಿದರು. 23ರಂದು ಅಲ್ಲಿ ವಾಹನಗಳನ್ನು ನಿಲ್ಲಿಸಿದ್ದ ಬಯಲಿಗೆ ಬೆಂಕಿ ಹೊತ್ತಿ ಸುಮಾರು 300 ಕಾರುಗಳು ಸುಟ್ಟವು, ಜೀವಹಾನಿಯಾಗಲಿಲ್ಲ. ಆ ಕರಿಹೊಗೆಯನ್ನು ಹಿನ್ನೆಲೆಯಾಗಿಟ್ಟು, ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿರುವ ಗೃಹಿಣಿಯೊಬ್ಬಳ ಚಿತ್ರವನ್ನು ಯಾರಾದರೂ ತೆಗೆದಿದ್ದರೆಂದು ಊಹಿಸಿಕೊಳ್ಳೋಣ. ನೋಡಿದವರು ಆಕೆಯನ್ನು ಏನೆಂದು ಕರೆಯುತ್ತಿದ್ದರು? ಆಕೆಯ ಮಗ ಪ್ರದರ್ಶನಕ್ಕೆ ಹೋಗಿದ್ದರೆ, ಕೈಗೆ ಕೆಲಸ ಕೊಟ್ಟು ಮನಸ್ಸನ್ನು ಹಿಡಿದಿಡಲು ಆಕೆ ಹೆಣಗುತ್ತಿದ್ದರೆ, ಅದು ಚಿತ್ರದಲ್ಲಿ ಮೂಡುತ್ತಿರಲಿಲ್ಲ.

‘ತಟಸ್ಥ’ ಎಂಬ ಪದಕ್ಕೆ ಮೂಲಾರ್ಥ, ದಡದಲ್ಲಿರುವವನು ಎಂದು. ಯಾವುದಕ್ಕೂ ಅಂಟದವನು ಎಂಬುದು ರೂಢಾರ್ಥ. ನದಿಯ ದಡದಲ್ಲಿದ್ದ ಆ ಐವರ ವಿಷಯದಲ್ಲಿ ನೋಟಕರು ಮೂಲಾರ್ಥದಿಂದ ರೂಢಾರ್ಥಕ್ಕೆ ಒಂದೇ ನೆಗೆತದಲ್ಲಿ ಹಾರಿದರು. ಕವಿ ಹಾಗೆ ಹಾರುವುದಿಲ್ಲ. ಕುರುಕ್ಷೇತ್ರದಲ್ಲಿ ಮಕ್ಕಳು ಬೀಳುತ್ತಿರುವಾಗ ಧೃತರಾಷ್ಟ್ರನು ಅರಮನೆಯಲ್ಲಿ ಕುಳಿತು ಸಂಜಯನ ಮಾತನ್ನು ಕೇಳುತ್ತಾನೆ. ಆ ಸನ್ನಿವೇಶದ ಛಾಯಾಚಿತ್ರವಿದ್ದಿದ್ದರೆ, ಇಬ್ಬರು ಸಾವಧಾನವಾಗಿ ಸಂಭಾಷಿಸುತ್ತಿರುವಂತೆ ಅದು ಕಂಡೀತು. ಆ ಕುರುಡು ತಂದೆಯ ಒಳಕುದಿಯನ್ನು ವ್ಯಾಸನು ನಮಗೆ ಕೇಳಿಸಿದನು. ಅವನ ತಪ್ಪನ್ನೂ ಮುಚ್ಚಿಡಲಿಲ್ಲ. ಕ್ಯಾಮೆರಾಕ್ಕೆ ಕಣ್ಣುಂಟು, ಕಿವಿಯಿಲ್ಲ.

ಹಾಗೆಂದು ಹೋಪ್ಕರ್ ಅವರ ಚಿತ್ರ ಸುಳ್ಳೆನ್ನಲಾಗದು. ಒಂದೆಡೆ ಚಿತೆ ಉರಿಯುವಾಗ ಇನ್ನೊಂದೆಡೆ ಒಲೆ ಉರಿಯುತ್ತಿರುತ್ತದೆಂಬ ಲೋಕಸತ್ಯ ಅದರಲ್ಲಿದೆ. ಅದನ್ನು ಕಂಡು ಕೆರಳುವುದೂ ಒಳ್ಳೆಯ ಮನಸ್ಸಿನ ಲಕ್ಷಣವೇ. ಆದರೆ ಆ ಸಿಟ್ಟು ಅಪರಿಚಿತರನ್ನು ಹಳಿಯುವುದರಲ್ಲಿಯೇ ತೀರಿಹೋದರೆ, ಹೊಗೆಯ ಬುಡದಲ್ಲಿರುವವರಿಗೆ ಅದರಿಂದ ಏನು ಒದಗೀತು? ಇಂದು ಇಂಥ ಚಿತ್ರಗಳು ದಿನಕ್ಕೆ ಹತ್ತಾರು ನಮ್ಮ ಅಂಗೈಗೇ ಬರುತ್ತವೆ. ಪ್ರತಿಯೊಂದರ ಮುಂದೆಯೂ ನಾವು ದಡದಲ್ಲಿಯೇ ಇದ್ದೇವೆ. ದಡದಲ್ಲಿರುವುದು ಅಪರಾಧವಲ್ಲ, ಅಲ್ಲಿಂದ ನಮ್ಮ ಕೈ ಎಷ್ಟು ದೂರ ಚಾಚೀತೆಂದು ನೋಡುವುದು, ಚಾಚಲಾರದಲ್ಲಿ ನಾಲಗೆಯನ್ನಾದರೂ ಬಿಗಿಹಿಡಿಯುವುದು, ಇಷ್ಟು ನಮ್ಮಿಂದ ಆಗತಕ್ಕ ಕೆಲಸ.